ಗುರುಬಸವ್ವ ಮುಗಿಸಿದ ಜಮಖಾನೆ

2014ರ ಜನವರಿಯಲ್ಲಿ ಅಣ್ಣಿಗೇರಿಯ ಗುರುಬಸವ್ವ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದಾಗ ಅವಳ ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಬರೀ ಹಳೆಯ ಸೀರೆಗಳಿದ್ದವು. ಎಣಿಸಿ ಹನ್ನೊಂದು. ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಅಧಿಕಾರಿ ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನು ಒಮ್ಮೆ ನೋಡಿ ಬಿಟ್ಟುಬಿಟ್ಟ. ಬಣ್ಣ ಹೋದ, ಅಂಚು ಹರಿದ ಸೀರೆಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ನೋಡಿದ. ಇಷ್ಟು ದೂರ ಯಾರಾದರೂ ಚಿಂದಿ ಹೊತ್ತು ತರುತ್ತಾರೆಯೇ ಎಂಬ ಅನುಮಾನ ಅವನದು. ಗುರುಬಸವ್ವನಿಗೆ ಅವನ ಮೇಲೆ ಸಿಟ್ಟೇನೂ ಬರಲಿಲ್ಲ. ಗಂಡಸು, ಅವನಿಗೇನು ತಿಳಿಯಬೇಕು.

ಅಣ್ಣಿಗೇರಿಯಲ್ಲಿ ಅವಳ ಓಣಿಯ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ಕೆಳಗೆ ಹಾಸಲು ಗುರುಬಸವ್ವನ ಕೌದಿಯೇ ಆಗಬೇಕು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಸುತ್ತಲೂ ಒತ್ತೊತ್ತಾಗಿ ಕೈಹೊಲಿಗೆ ಹಾಕುತ್ತ ನಡುವಿಗೆ ಬಂದು ನಿಲ್ಲುವ ಹಾಸಿಗೆ ಅದು. ನಲವತ್ತು ವರ್ಷಗಳಲ್ಲಿ ಅವಳು ಎಷ್ಟು ಕೂಸುಗಳಿಗೆ ಹೊಲಿದಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಈಗ ಹುಟ್ಟಲಿರುವುದು ಸ್ವಂತ ಕಿರಿಮಗಳ ಮೊದಲ ಕೂಸು. ಅದಕ್ಕೊಂದು ಕೌದಿ ಹೊಲಿಯಬೇಕೆಂಬ ಒಂದೇ ಆಸೆಗೆ ಅವಳು ಗಂಡನನ್ನು ಹಿರಿಮಗಳ ವಶಕ್ಕೆ ಒಪ್ಪಿಸಿ, ಇಪ್ಪತ್ತೆರಡು ತಾಸು ಕಾಲು ಮಡಚಿ ಕುಳಿತು ಬಂದಿದ್ದಳು.

ಮೀರಾ ಮೆಸಾ ಎಂಬ ಬಡಾವಣೆಯ ಮನೆಯಲ್ಲಿ ಮೊದಲ ದಿನವೇ ಮಗಳು ಪ್ರೇರಣಾ ಆ ಆಸೆಗೆ ತಣ್ಣೀರೆರಚಿದಳು.

“ಅವ್ವಾ, ಹಳೇ ಅರಿವಿ ಬ್ಯಾಡ. ಕೂಸಿಗೆ ಎಲ್ಲಾ ಹೊಸಾವಽ. ಆರ್ಗ್ಯಾನಿಕ್ ಕಾಟನ್ ಆರ್ಡರ್ ಮಾಡೀನಿ.”

“ಒಗದು ತಂದೀನಿ ನಮ್ಮವ್ವಾ. ಮೂರು ಸಲ ಬಿಸಿನೀರಾಗ ಅದ್ದೀನಿ.”

“ಜರ್ಮ್ಸ್ ಇರ್ತಾವ. ಡಸ್ಟ್ ಇರ್ತೈತಿ. ನೀ ಸುಮ್ನ ಆರಾಮ ಕೂಡು.”

ಆರಾಮ ಕೂಡು ಎಂದರೆ ಗುರುಬಸವ್ವನಿಗೆ ಶಿಕ್ಷೆ. ಈ ಹುಡುಗಿ ಹುಟ್ಟಿದ್ದೇ ಹಳೆಯ ಇಳಕಲ್ ಸೀರೆಯ ಕೌದಿಯ ಮೇಲೆ, ಹತ್ತನೆಯ ಇಯತ್ತೆಯವರೆಗೆ ಮಲಗಿದ್ದೂ ಅದರ ಮೇಲೆಯೇ. ಟೆಲಿಕಾಂ ಇಂಜಿನಿಯರಾದ ಮೇಲೆ ಜರ್ಮ್ಸ್ ಕಾಣತೊಡಗಿವೆ. ಹಿತ್ತಲ ಗಿಡ ಮದ್ದಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡು ಸೂಟ್‌ಕೇಸ್ ಮುಚ್ಚಿದಳು. ನೋವಾಯಿತು. ಆದರೆ ಆರು ತಿಂಗಳ ಬಸುರಿಯ ಎದುರು ಮುಖ ಸಣ್ಣ ಮಾಡಬಾರದೆಂದು ರೊಟ್ಟಿ ಬಡಿಯಲು ಎದ್ದಳು.

ಕೂಸಿನ ಕೋಣೆಗೆ ಪ್ರೇರಣಾ ಒಂದು ‘ಥೀಮ್’ ಇಟ್ಟುಕೊಂಡಿದ್ದಳು. ಥೀಮ್ ಎಂದರೆ ಮೊರಾಕೋ. ಅಣ್ಣಿಗೇರಿಯ ಮೊಮ್ಮಗುವಿಗೆ ಮೊರಾಕೋ ಏಕೆ ಎಂದು ಗುರುಬಸವ್ವ ಕೇಳಿದರೆ, “ಛಂದ ಕಾಣತೈತಿ ಅವ್ವಾ” ಎಂಬ ಉತ್ತರ ಬಂತು. ನಾರ್ತ್ ಪಾರ್ಕಿನ ಒಂದು ಅಂಗಡಿಯಿಂದ ತೂತು ತೂತಿನ ಹಿತ್ತಾಳೆಯ ದೀಪ ಬಂತು. ಇನ್ನೊಂದರಿಂದ ಸಣ್ಣ ಚರ್ಮದ ಚಡಾವುಗಳು ಬಂದವು, ಹಳದಿ ಬಣ್ಣದವು. ಹುಟ್ಟುವ ಕೂಸು ಅವನ್ನು ಹಾಕಿಕೊಳ್ಳಲು ಮೂರು ವರ್ಷ ಬೇಕು. ಅಳಿಯ ವಿಕಾಸ ಬೆಂಗಳೂರಿನ ಬಸವನಗುಡಿಯವನು, ಒಳ್ಳೆಯ ಹುಡುಗ, ಹೆಂಡತಿಯ ಮಾತಿಗೆ ಎದುರಾಡದವನು. ಅವನು ಒಂದೊಂದು ಅಂಗಡಿಯಲ್ಲೂ ಕಾರ್ಡ್ ಉಜ್ಜಿ, ಚೀಲ ಹೊತ್ತು, ಹಿಂದಿನಿಂದ ನಡೆದು ಬರುತ್ತಿದ್ದ.

ಒಂದು ಭಾನುವಾರ ಮೂವರೂ ಲಾಸ್ ಏಂಜಲಿಸ್ ಆಚೆಯ ಕ್ಯಾಲಬಾಸಸ್ಸಿನ ಗುಡಿಗೆ ಹೋದರು. ಕೆಳಗಿನ ಶಿವನ ಗುಡಿಯಲ್ಲಿ ಗುರುಬಸವ್ವ ಮೊಮ್ಮಗುವಿನ ಸಲುವಾಗಿ ಕಾಯಿ ಒಡೆಸಿದಳು. ಮೇಲೆ ಮೊಸರನ್ನ ತಿಂದರು. ಮರಳುವ ದಾರಿಯಲ್ಲಿ ಪ್ರೇರಣಾ ಫೋನಿನಲ್ಲಿ ಗುರುತು ಹಾಕಿಕೊಂಡಿದ್ದ ಅಂಗಡಿಗೆಂದು ಎಲ್ ಸೆಗುಂಡೋದಲ್ಲಿ ಕಾರು ನಿಲ್ಲಿಸಿದರು.

ಅಂಗಡಿ ಸಣ್ಣದು, ಒಳಗೆ ಮಾತ್ರ ಸಂತೆ. ಗೋಡೆಯ ಮೇಲೆ ಕಸೂತಿ ಹಾಕಿದ, ಕಫ್ತಾನು ಎಂಬ ಉದ್ದನೆಯ ನಿಲುವಂಗಿಗಳು, ನೆಲದ ಮೇಲೆ ಒಂದರ ಮೇಲೊಂದು ಪೇರಿಸಿದ ದುಂಡನೆಯ ಚರ್ಮದ ದಿಂಬುಗಳು, ಮೂಲೆಯಲ್ಲಿ ಗೋಪುರದ ಮುಚ್ಚಳದ ಮಣ್ಣಿನ ಪಾತ್ರೆಗಳು. ಒಡತಿ ಝೋಹ್ರಾ, ಐವತ್ತೈದರ ಹೆಂಗಸು, ಮೊರಾಕೋದವಳೇ. ನೀಲಿ ಕಫ್ತಾನಿನ ಕೆಳಗೆ ಓಡುವ ಬೂಟು ಹಾಕಿದ್ದಳು. ಅವಳು ಪ್ರೇರಣಾಳ ಹೊಟ್ಟೆ ನೋಡಿದವಳೇ ಕುರ್ಚಿ ಎಳೆದು ಕೂರಿಸಿದಳು. ಗುರುಬಸವ್ವನಿಗೆ ಅವಳು ಆಗಲೇ ಹಿಡಿಸಿದಳು.

ಆಮೇಲೆ ಝೋಹ್ರಾ ನೆಲದ ಮೇಲೆ ಒಂದು ಜಮಖಾನೆ ಬಿಡಿಸಿದಳು. ಕೆಂಪು, ಹಳದಿ, ಗುಲಾಬಿ, ಕರಿ. ಒಂದು ಮೈ ತುಂಬ ಚಿಂದಿಯ ತುದಿಗಳು ಗೊಂಚಲಾಗಿ ಎದ್ದು ನಿಂತಿದ್ದವು. ಗುರುಬಸವ್ವ ಬಗ್ಗಿ ಒಂದು ತುದಿಯನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದಳು. ಅದು ಯಾರೋ ಉಟ್ಟು ಬಿಟ್ಟ ಪರಕಾರದ, ಅಂದರೆ ಲಂಗದ, ಬಟ್ಟೆ. ಪಕ್ಕದ್ದು ಸ್ವೆಟರು. ಅದರ ಪಕ್ಕದ್ದು ಗಂಡಸಿನ ಅಂಗಿಯ ತೋಳು. ಸಂಶಯವೇ ಇಲ್ಲ: ಅಷ್ಟೂ ಹಳೇ ಅರಿವಿ.

“ಎಷ್ಟಂತ?” ಎಂದು ಕೇಳಿದಳು.

“ಸಾವಿರದ ನಾಲ್ಕುನೂರು ಡಾಲರ್ ಆಂಟಿ” ಎಂದ ವಿಕಾಸ, ಬೆಲೆಯ ಚೀಟಿ ತಿರುಗಿಸಿ ನೋಡಿ.

“ಹ್ಯಾಂಡ್‌ಮೇಡ್ ಅವ್ವಾ. ಅಲ್ಲಿ ಗುಡ್ಡದಾಗಿನ ಹೆಣಮಕ್ಕಳು ಮನ್ಯಾಗಿನ ಹಳೇ ಬಟ್ಟಿ ಹರದು ನೇಯ್ತಾರಂತ. ಎಷ್ಟು ಛಂದ ಅಲ್ಲ?” ಎಂದಳು ಪ್ರೇರಣಾ, ಕಣ್ಣರಳಿಸಿ. “ಕೂಸಿನ ಕ್ವಾಣ್ಯಾಗ ಹಾಸೂಣು.”

ಗುರುಬಸವ್ವ ಮಗಳ ಮುಖ ನೋಡಿದಳು. ಮೂರು ಸಲ ಬಿಸಿನೀರಿನಲ್ಲಿ ಅದ್ದಿದ ತಾಯಿಯ ಸೀರೆಯಲ್ಲಿ ಜರ್ಮ್ಸ್. ಊರು ಕೇರಿ ಗೊತ್ತಿಲ್ಲದವರ ಪರಕಾರದಲ್ಲಿ ಥೀಮ್. ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು, ಅಷ್ಟು ದೊಡ್ಡ ಮಾತು ನುಂಗಿ ಬಿಕ್ಕಳಿಕೆಯೇ ಬಂತು. ಅತ್ತ ಪ್ರೇರಣಾ, ವಿಕಾಸ, ಝೋಹ್ರಾ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿಕೊಂಡರು. ಜಮಖಾನೆ ಸುತ್ತಿ ಕಾರಿನಲ್ಲಿಟ್ಟರು. ಅವರು ಮಾತಾಡಿದ್ದೇನೆಂದರೆ, ಇದು ಇನ್ನೂ ಕೊಂಡದ್ದಲ್ಲ; ಮನೆಗೆ ಒಯ್ದು ಹಾಸಿ ನೋಡಿ, ಮನಸ್ಸಿಗೆ ಬಂದರೆ ಇಟ್ಟುಕೊಳ್ಳಿ, ಬರದಿದ್ದರೆ ಶನಿವಾರದೊಳಗೆ ತಂದುಕೊಡಿ ಎಂಬ ಕರಾರು. ಇದನ್ನು ಗುರುಬಸವ್ವನಿಗೆ ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಮಗಳು ಅಳಿಯ ಆಫೀಸಿಗೆ ಹೋದ ಮೇಲೆ ಗುರುಬಸವ್ವ ಕೂಸಿನ ಕೋಣೆಯಲ್ಲಿ ಜಮಖಾನೆ ಬಿಡಿಸಿ ಕುಳಿತಳು. ನೋಡುತ್ತ ನೋಡುತ್ತ ಅವಳಿಗೆ ಹೊಳೆಯಿತು. ಇದು ಮುಗಿದಿಲ್ಲ! ಚಿಂದಿಯ ತುದಿಗಳೆಲ್ಲ ಹೊರಗೇ ಇವೆ. ಒಂದು ಕಡೆಯ ಅಂಚು ಮಡಚಿದ್ದಾರೆ, ಇನ್ನೊಂದು ಕಡೆ ದಾರಗಳು ಜೋತಾಡುತ್ತಿವೆ. ಒಳಮೈಗೆ ಬಟ್ಟೆ ಇಲ್ಲ. ನಲವತ್ತು ವರ್ಷ ಕೌದಿ ಹೊಲಿದವಳ ಕಣ್ಣು ಮೋಸ ಹೋಗುವುದುಂಟೆ? ಯಾವಳೋ ಪಾಪ, ಮೈಗೆ ಹುಷಾರಿಲ್ಲವೋ, ಮನೆಯಲ್ಲಿ ಜಗಳವೋ, ಅರ್ಧಕ್ಕೆ ಬಿಟ್ಟಿದ್ದಾಳೆ. ವ್ಯಾಪಾರಿಗಳು ಹಾಗೇ ಹೊತ್ತು ತಂದಿದ್ದಾರೆ.

ಅರ್ಧ ಹೊಲಿದ ಕೌದಿ ಬಸುರಿಯಿರುವ ಮನೆಯಲ್ಲಿ ಇರಕೂಡದು. ಇದು ಗುರುಬಸವ್ವನ ತಾಯಿ ಹೇಳಿದ್ದು, ತಾಯಿಗೆ ಅವಳ ತಾಯಿ ಹೇಳಿದ್ದು. ಇದ್ದರೆ ಯಾರ ಕೈಗೆ ಸಿಕ್ಕಿತೋ ಅವರೇ ಮುಗಿಸಬೇಕು. ಮಗಳಿಗೆ ಹೇಳಿದರೆ ನಗುತ್ತಾಳೆ, ನಕ್ಕು ಅದನ್ನು ಹಾಗೇ ಹಾಸುತ್ತಾಳೆ. ಬಾಯಿ ಮುಚ್ಚಿಕೊಂಡು ಮುಗಿಸುವುದೇ ಲೇಸು. ಸುಳ್ಳೇಕೆ, ಒಳಗೊಳಗೇ ಅವಳಿಗೆ ಖುಷಿಯೂ ಆಗಿತ್ತು. ಮೂರು ವಾರದ ಮೇಲೆ ಕೈಗೆ ಕೆಲಸ ಬಂದಿತ್ತು.

ಮೇಲೆ ಹಾಸಲು ಬಟ್ಟೆ ಬೇಕು. ಮನೆಯಲ್ಲಿ ಇದ್ದ ಹಳೆಯ ಬಟ್ಟೆ ಎಂದರೆ ಆ ಹನ್ನೊಂದು ಸೀರೆಗಳೇ. ಗುರುಬಸವ್ವ ಸೂಟ್‌ಕೇಸ್ ತೆಗೆದು ಬಹಳ ಹೊತ್ತು ಅದರ ಮುಂದೆ ಕುಳಿತಳು. ಕೊನೆಗೆ, ಮಗಳಿಗೆ ಬೇಡವಾದದ್ದು ನನಗಾದರೂ ಯಾಕೆ ಎಂದು ಒಂದನ್ನು ಹರಿದಳು. ಒಂದು ಹರಿದ ಮೇಲೆ ಉಳಿದವಕ್ಕೆ ಕೈ ತಡೆಯಲಿಲ್ಲ.

ನಾಲ್ಕು ದಿನ, ದಿನಕ್ಕೆ ಎಂಟು ತಾಸು. ಸಂಜೆ ಕಾರಿನ ಸಪ್ಪಳ ಕೇಳಿದೊಡನೆ ಸುತ್ತಿ ಗೋಡೆಗೆ ಆನಿಸಿ ಇಡುತ್ತಿದ್ದಳು. ಗೊಂಚಲು ಗೊಂಚಲು ತುದಿಗಳಿದ್ದ ಮೈಯನ್ನು, ಒಂದಕ್ಕೊಂದು ಕೂಡಿಸಿ ಹೊಲಿದ ಸೀರೆಯ ತುಂಡುಗಳಿಂದ ನೀಟಾಗಿ ಮುಚ್ಚಿದಳು. ನಾಲ್ಕೂ ಅಂಚು ಮಡಚಿ ಹೊಲಿದಳು. ಗುರುವಾರ ಮಧ್ಯಾಹ್ನ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿದಾಗ ಅಡಿಗೆಮನೆಯಿಂದ ಐದು ಕಾಳು ಅಕ್ಕಿ ತಂದು ಒಳಗಿಟ್ಟು, ಮೇಲೆ ತೇಪೆ ಹಾಕಿ ಮುಚ್ಚಿದಳು. ಹೊಟ್ಟೆ ಖಾಲಿ ಬಿಟ್ಟ ಕೌದಿ ಹಾಸಿದವರನ್ನೂ ಹಸಿವಿಗೆ ಹಾಕುತ್ತದೆ. ಈಗ ಅದು ಮುಗಿಯಿತು, ಈಗ ಮನೆಗೆ ಕೇಡಿಲ್ಲ ಎಂದು ಅವಳು ಸೊಂಟ ನೆಟ್ಟಗೆ ಮಾಡಿ ಎದ್ದಳು.

ಅದೇ ಸಂಜೆ ಊಟಕ್ಕೆ ಕುಳಿತಾಗ ಪ್ರೇರಣಾ, “ಆ ರಗ್ ಭಾಳ ಕಾಸ್ಟ್ಲಿ ಆತು, ವಿಕಾಸ್. ಶನಿವಾರ ರಿಟರ್ನ್ ಮಾಡಿಬಿಡೂಣು” ಎಂದಳು.

“ಥ್ಯಾಂಕ್ ಗಾಡ್” ಎಂದ ವಿಕಾಸ.

ಗುರುಬಸವ್ವನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ರಿಟರ್ನ್ ಅಂದ್ರ? ಕೊಂಡೀರಿ ಅಲ್ಲ?”

ಕರಾರು ಏನೆಂದು ಆಗ ಅವಳಿಗೆ ತಿಳಿಯಿತು. ಅವಳು ಕೈ ತೊಳೆದು, ಜಮಖಾನೆ ತಂದು ಹಾಲ್‌ನ ನಡುವೆ ಬಿಡಿಸಿದಳು. ಮುಚ್ಚಿಡುವ ಜಾಯಮಾನ ಅವಳದಲ್ಲ.

ಪ್ರೇರಣಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ವಿಕಾಸ ಒಂದು ತುದಿ ಎತ್ತಿ ನೋಡಿದ, ಇನ್ನೊಂದು ತುದಿ ಎತ್ತಿ ನೋಡಿದ. “ಆಂಟಿ, ಆ ರಗ್ ಎಲ್ಲಿ?” ಎಂದು ಕೇಳಿದ. ಕೇಳಿ, ಅರ್ಥವಾಗಿ, ಸೋಫಾದ ಮೇಲೆ ಕುಳಿತು ನಗಲು ಶುರು ಮಾಡಿದ. ಅವನ ನಗು ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನಿಂತಿತು.

“ಅವ್ವಾ! ಸಾವಿರದ ನಾಕನೂರು ಡಾಲರ್ ಅದು! ನಂದಲ್ಲ ಅದು!”

“ನಂಗ ಯಾರು ಹೇಳ್ಯಾರ?” ಎಂದಳು ಗುರುಬಸವ್ವ. ಧ್ವನಿ ದೊಡ್ಡದಾಗಿತ್ತು, ಜೀವ ಮಾತ್ರ ಹಿಡಿಯಷ್ಟಾಗಿತ್ತು. ಇನ್ನೊಬ್ಬರ ಅರಿವಿಯನ್ನು ಅವಳು ಇವತ್ತಿನ ತನಕ ಕೆಡಿಸಿರಲಿಲ್ಲ.

ಶನಿವಾರ ಐ-ಫೈವ್ ಹೆದ್ದಾರಿಯ ತುಂಬ ಕಾರುಗಳು. ಹಿಂದಿನ ಸೀಟಿನಲ್ಲಿ ಗುರುಬಸವ್ವ ಜಮಖಾನೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು, ಪಂಚಾಯಿತಿಗೆ ಹೊರಟವಳಂತೆ. ಮನೆಯಲ್ಲೇ ಬಿಚ್ಚುತ್ತೇನೆಂದರೆ ಪ್ರೇರಣಾ ಬಿಡಲಿಲ್ಲ. ಇನ್ನಷ್ಟು ಕೆಟ್ಟರೆ ಗತಿ ಏನು ಎಂದಿದ್ದಳು.  ದಾರಿಯುದ್ದಕ್ಕೂ ವಿಕಾಸ ಟ್ರಾಫಿಕ್ ಬಗ್ಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಅಂಗಡಿಯಲ್ಲಿ ಝೋಹ್ರಾ ಅದನ್ನು ನೆಲಕ್ಕೆ ಹಾಸಿ, ಮಂಡಿಯೂರಿ ಕುಳಿತು, ಅಂಚಿನುದ್ದಕ್ಕೂ ಬೆರಳಾಡಿಸಿದಳು. ಅವಳ ಹುಬ್ಬು ಗಂಟಿಕ್ಕಿತ್ತು. ಪ್ರೇರಣಾಳ ಕ್ಷಮಾಪಣೆಗಳನ್ನೆಲ್ಲ ಕೈಯೆತ್ತಿ ನಿಲ್ಲಿಸಿ, ಗುರುಬಸವ್ವನ ಕಡೆ ತಿರುಗಿ ಏನೋ ಕೇಳಿದಳು.

“ಯಾಕ ಹೊಲದ್ರಿ ಅಂತ ನಿನ್ನಽ ಕೇಳಾಕತ್ತಾಳ” ಎಂದಳು ಪ್ರೇರಣಾ.

“ಮುಗಿಸಿದ್ದಿಲ್ಲ, ಅದಕ್ಕ ಅನ್ನು. ಅರ್ಧ ಕೌದಿ ಬಸುರಿ ಇದ್ದ ಮನ್ಯಾಗ ಇರಬಾರದು. ನನ್ನ ಮಗಳಿಗೆ ಏಳು ತಿಂಗಳು. ಆಕೀಗಾಗಲಿ ಕೂಸಿಗಾಗಲಿ ಏನೂ ಆಗಬಾರದಂತ ಮುಗಿಸಿದೆ ಅನ್ನು.”

ಪ್ರೇರಣಾ ತಾಯಿಯನ್ನೇ ನೋಡಿದಳು. “ಇದು ನನಗ ಯಾಕ ಹೇಳಲಿಲ್ಲ ನೀನು?”

“ನೀ ನಗತಿದ್ದಿ. ಮೊದಲು ಆಕೀಗೆ ಹೇಳು, ಕಾಯಾಕತ್ತಾಳ.”

ಪ್ರೇರಣಾ ಹೇಳಿದಳು. ಝೋಹ್ರಾ ಕೇಳಿಕೊಂಡು, ಸೀರೆಯ ತುಂಡುಗಳ ಮೇಲೆ ಕೈಯಿಟ್ಟು ಮತ್ತೊಂದು ಪ್ರಶ್ನೆ ಹಾಕಿದಳು. ಇವು ಯಾರ ಬಟ್ಟೆ?

“ನನ್ನವು. ಕೆಂಪಂದು ನಮ್ಮವ್ವಂದು. ಊರಿಂದ ಹನ್ನೊಂದು ಸೀರಿ ತಂದಿದ್ದೆ, ಮೊಮ್ಮಗೂಗ ಕೌದಿ ಹೊಲ್ಯಾಕ. ನನ್ನ ಮಗಳು ಬ್ಯಾಡ ಅಂದ್ಲು. ಸುಮ್ನ ಪೆಟಗ್ಯಾಗ ಇಟ್ಟು ಏನ್ ಮಾಡಲಿ? ಗುರುತಿಲ್ಲದಾಕಿ ಜಮಖಾನಕ್ಕಾದ್ರೂ ಆಗಲಿ ಅಂತ ಹಾಕಿದೆ.”

ಪ್ರೇರಣಾ ಇಂಗ್ಲಿಷಿನಲ್ಲಿ ಶುರು ಮಾಡಿದಳು. ದುಬಾಷಿಯ ಕೆಲಸ ಕಷ್ಟದ್ದು. ಇನ್ನೊಬ್ಬರ ಮಾತನ್ನು ‘ನಾನು’ ಎಂದೇ ಆಡಬೇಕು. ಗುರುಬಸವ್ವನಿಗೆ ಅರ್ಥವಾದದ್ದು ‘ಮೈ ಡಾಟರ್’ ಎಂಬ ಎರಡು ಪದ ಮಾತ್ರ. ಆ ಎರಡು ಪದ ಆಡಿದ ಮೇಲೆ ಮಗಳ ಧ್ವನಿ ಮುಂದಕ್ಕೆ ಹೋಗಲಿಲ್ಲ. ಒಮ್ಮೆ ಕೆಮ್ಮಿದಳು, ಮತ್ತೆ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು. ಕೊನೆಗೆ ವಿಕಾಸನೇ ಮೆಲ್ಲಗೆ ಉಳಿದದ್ದನ್ನು ಹೇಳಿ ಮುಗಿಸಿದ.

 ಝೋಹ್ರಾ ಎದ್ದು ಗೋಡೆಯಿಂದ ಇನ್ನೊಂದು ಅಂಥದೇ ಜಮಖಾನೆ ಇಳಿಸಿ, ಗೊಂಚಲುಗಳ ಮೈ ಮೇಲೆ ಮಾಡಿ ಹಾಸಿ, ಬೂಟು ಕಳಚಿ ಅದರ ಮೇಲೆ ನಡೆದು ತೋರಿಸಿದಳು. ಅವಳ ಮಾತನ್ನು ವಿಕಾಸ ಕನ್ನಡಕ್ಕೆ ತಂದ: “ಆಂಟಿ, ಅದು ಫಿನಿಶ್ ಆಗಿರೋದೇ ಹಾಗಂತೆ. ಆ ತುದಿಗಳು ಮೇಲೇ ಇರಬೇಕಂತೆ, ಕುರಿ ಉಣ್ಣೆ ಥರ. ಬೆಟ್ಟದಲ್ಲಿ ಚಳಿ ಅಲ್ವಾ, ಬೆಚ್ಚಗಿರಲಿ ಅಂತ. ಅದೇ ರೈಟ್ ಸೈಡು.”

“ಅಯ್ಯ ನನ್ನ ಶಿವನ!” ಗುರುಬಸವ್ವ ಹಣೆ ಬಡಿದುಕೊಂಡಳು. “ಹಂಗಾರ ನಾ ಅದರ ಮಾರಿನಽ ಮುಚ್ಚೀನಿ!”

ವಿಕಾಸ ಇದನ್ನು ಇಂಗ್ಲಿಷಿಗೆ ತಿರುಗಿಸಿದೊಡನೆ ಝೋಹ್ರಾ ಎಷ್ಟು ಜೋರಾಗಿ ನಕ್ಕಳೆಂದರೆ, ರಸ್ತೆಯಲ್ಲಿ ಹೋಗುವವರು ಗಾಜಿನಿಂದ ಒಳಗೆ ಇಣುಕಿದರು. ಗುರುಬಸವ್ವನೂ ನಕ್ಕಳು. ತನ್ನ ಹೆಡ್ಡತನಕ್ಕೆ ತಾನೇ ನಗದಿದ್ದರೆ ಬೇರೆಯವರಿಗೆ ನಗಲು ಬಿಟ್ಟಂತೆ. ನಗು ಮುಗಿದ ಮೇಲೆ ಝೋಹ್ರಾ ವ್ಯಾಪಾರಿಯಾದಳು. ಒಂದು ದಾರವೂ ಕಿತ್ತುಹೋಗದಂತೆ ಇಲ್ಲೇ ಬಿಚ್ಚಿಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತೇನೆ, ಕಿತ್ತರೆ ಪೂರ್ತಿ ಬೆಲೆ ಎಂದಳು. ನ್ಯಾಯದ ಮಾತು. ಗುರುಬಸವ್ವ ಸೆರಗು ಬಿಗಿದು, ಸಣ್ಣ ಕತ್ತರಿ ಕೇಳಿ ಇಸಿದುಕೊಂಡು ನೆಲದ ಮೇಲೆ ಕುಳಿತಳು.

ಹೊಲಿದವಳಿಗೆ ತನ್ನ ಹೊಲಿಗೆಯ ದಾರಿ ಗೊತ್ತು. ನಡುವಿನ ತೇಪೆಯಿಂದ ಶುರು ಮಾಡಿದಳು. ಐದು ಕಾಳು ಅಕ್ಕಿ ಅಂಗೈಗೆ ಬಿದ್ದವು. ಎತ್ತರದಿಂದ ಪುದೀನ ಚಹಾ ಸುರಿಯುತ್ತಿದ್ದ ಝೋಹ್ರಾ ಅದನ್ನು ಕಂಡು ಮುಖವೆತ್ತಿದಳು, ಚಹಾ ಲೋಟದ ಆಚೆ ಬಿತ್ತು. ಅಕ್ಕಿಯ ಕಥೆಯನ್ನೂ ವಿಕಾಸ ಹೇಳಿದ. ಪ್ರೇರಣಾ ದೂರದ ಕುರ್ಚಿಯಲ್ಲಿ ಕುಳಿತಿದ್ದಳು. ಗುರುಬಸವ್ವ ಅವಳ ಕಡೆ ನೋಡಲಿಲ್ಲ. ಮಗಳಿಗೆ ತನ್ನ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲವೆಂದೇ ಅವಳು ತಿಳಿದಿದ್ದಳು. ಬಾಣಂತನಕ್ಕೆ ಬಂದವಳು ಮಗಳ ಮನಸ್ಸು ಕೆಡಿಸಿದೆನಲ್ಲ ಎಂಬುದೇ ಅವಳನ್ನು ಜಮಖಾನೆಗಿಂತ ಹೆಚ್ಚು ಸುಡುತ್ತಿತ್ತು.

ಎರಡು ತಾಸಿನಲ್ಲಿ ಮೂರು ಪಾಲು ಬಿಚ್ಚಿತು. ಗೊಂಚಲುಗಳು ಒಂದೊಂದಾಗಿ ತಲೆಯೆತ್ತಿ ನಿಂತವು, ಒಂದೂ ಕಿತ್ತಿರಲಿಲ್ಲ. ಜಮಖಾನೆಯ ಅಂಚಿನ ಮಡಿಕೆಯ ಹೊಲಿಗೆ ಮಾತ್ರ ಬಾಕಿ ಉಳಿದು, ಮೇಲಿನ ಸೀರೆಯ ಹಾಸು ಇಡಿಯಾಗಿ ಕಳಚಿ ಪಕ್ಕಕ್ಕೆ ಮಡಚಿಕೊಂಡಿತು: ಇಳಕಲ್ಲಿನ ಕೆಂಪು, ಗಿಳಿಹಸಿರು, ಅರಿಸಿನದ ಹಳದಿ. ಆಗ ದೊಡ್ಡ ಹ್ಯಾಟಿನ ಒಬ್ಬ ಹೆಂಗಸು ಕಫ್ತಾನು ನೋಡಲು ಒಳಗೆ ಬಂದಳು. ಬಂದವಳು ಕಫ್ತಾನು ಬಿಟ್ಟು ನೆಲದ ಮೇಲಿದ್ದ ಸೀರೆಯ ಹಾಸನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಝೋಹ್ರಾಳಿಗೆ ಏನೋ ಕೇಳಿದಳು.

“ಎಷ್ಟು ಅಂತ ಕೇಳ್ತಿದಾರೆ ಆಂಟಿ!” ವಿಕಾಸನ ಕಣ್ಣುಗಳು ಕವಡೆಯಂತಾಗಿದ್ದವು. “ಇದನ್ನ ಕೊಂಡ್ಕೋತಾರಂತೆ. ಝೋಹ್ರಾ ಅವರು ನಿಮ್ಮನ್ನ ಕೇಳಿ ಅಂತಿದಾರೆ.”

ಗುರುಬಸವ್ವ ಅಂಥ ಹೊತ್ತಿನಲ್ಲಿ ನಾಚುವವಳಲ್ಲ. ಹೇಗೂ ಮೊಮ್ಮಗುವಿಗೆ ಹೋಗದ ಬಟ್ಟೆ. ಈ ಮಾರಾಟದಿಂದ ಮಗಳ ಮುಖವಾದರೂ ಅರಳಲಿ. “ಮುನ್ನೂರು ಡಾಲರ್ ಅನ್ನು,” ಎಂದಳು. “ಕೊಸರಿದ್ರ ಎರಡನೂರಾ ಐವತ್ತಕ್ಕ ಬಿಡೂಣು.”

ವಿಕಾಸ ಬಾಯಿ ತೆರೆಯುವಷ್ಟರಲ್ಲಿ ಪ್ರೇರಣಾ ಕುರ್ಚಿಯಿಂದ ಎದ್ದು ಬಂದಳು. ಏಳು ತಿಂಗಳ ಬಸುರಿ ಅಷ್ಟು ಬೇಗ ನಡೆದದ್ದನ್ನು ಗುರುಬಸವ್ವ ನೋಡಿರಲಿಲ್ಲ. ಅವಳು ಹ್ಯಾಟಿನ ಹೆಂಗಸಿಗೆ ನಗುತ್ತಲೇ ನಾಲ್ಕು ಮಾತು ಹೇಳಿ, ಅವಳ ಕೈಯಿಂದ ಹಾಸನ್ನು ಇಸಿದುಕೊಂಡು, ಎದೆಗೆ ಒತ್ತಿ ಹಿಡಿದಳು.

“ಏನಂದಿ ಆಕೀಗೆ?” ಗುರುಬಸವ್ವನಿಗೆ ಗಾಬರಿ. “ಭಾಳ ಹೇಳಿದ್ನೇನು? ಎರಡನೂರಕ್ಕ ಕೊಡೂಣಂತ ಹೇಳು!”

“ಮಾರೂದಿಲ್ಲ ಅಂದೆ.”

“ಯಾಕ?”

“ನನ್ನ ಕೂಸಿಂದಿದು, ಅದಕ್ಕ.” ಪ್ರೇರಣಾಳ ಮೂಗು ಕೆಂಪಾಗಿತ್ತು. “ಒಂದಽ ಪದರ ಆಗೇತಿ ಅವ್ವಾ. ಇನ್ನೂ ಹಾಸಬೇಕಲ್ಲ ಒಳಗ?”

 ಇಪ್ಪತ್ತೆರಡು ತಾಸು ಹಾರಿ ಬಂದದ್ದು, ಸೂಟ್‌ಕೇಸ್ ಮುಚ್ಚಿದ್ದು, ನುಂಗಿದ ಮಾತುಗಳು, ಎಲ್ಲವೂ ಒಮ್ಮೆಲೇ ಹಗುರಾದವು. ಅವಳಿಗೆ ಸಂತೋಷ ತಡೆಯಲಾಗದಷ್ಟು ಆಯಿತು, ಅತ್ತೇಬಿಟ್ಟಳು. ಅಳುತ್ತಲೇ ಕೆಲಸದ ಮಾತು ಆಡಿದಳು.

“ಮೂರು ಪದರರೆ ಬೇಕು. ಕೂಸಿನ ತಾಯಿ ಉಟ್ಟ ಅರಿವಿ ಒಂದಾದ್ರೂ ಇರಬೇಕು ಅದರಾಗ. ಅದನ್ನ ಕೇಳಿ ಇಸ್ಕೋಬಾರದು, ಆಕೀನಽ ಮನಸಾರೆ ಕೊಡಬೇಕಂತ ಸುಮ್ನಿದ್ದೆ.”

ಪ್ರೇರಣಾ ಕೊರಳಿನ ಸ್ಟೋಲ್ ತೆಗೆದು ಚಾಚಿದಳು.

ಗುರುಬಸವ್ವ ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ ಹಿಂದಕ್ಕೆ ಕೊಟ್ಟಳು. “ಹೊಸಾದು ಇದು. ಕೂಸಿನ ಮೈಗೆ ಚುಚ್ಚತೈತಿ. ಹಳೇದು ಕೊಡು, ಉಟ್ಟು ಉಟ್ಟು ಮೆತ್ತಗಾಗಿದ್ದು.”

“ಕಾಲೇಜಿನ ಚೂಡಿದಾರ ಐತಿ ಮನ್ಯಾಗ. ಬಿಸಾಡಾಕ ಮನಸ್ಸಾಗದ ಇಟ್ಟೀನಿ” ಎಂದಳು ಪ್ರೇರಣಾ, ಸಿಕ್ಕಿಬಿದ್ದವಳಂತೆ.

ಝೋಹ್ರಾ ಎಲ್ಲರಿಗೂ ಮತ್ತೊಂದು ಸುತ್ತು ಚಹಾ ತಂದಳು. ಪ್ರೇರಣಾ ವಿಕಾಸನ ಹೆಗಲು ಹಿಡಿದು ಮೆಲ್ಲಗೆ ಒಂದು ಚರ್ಮದ ದಿಂಬಿನ ಮೇಲೆ ಕುಳಿತು, ಜಮಖಾನೆಯ ಇನ್ನೂ ಬಿಚ್ಚದೆ ಉಳಿದಿದ್ದ ಅಂಚನ್ನು ತನ್ನ ತೊಡೆಗೆ ಎಳೆದುಕೊಂಡಳು. ಒಂದು ದಾರದ ತುದಿ ಹಿಡಿದು ಜಗ್ಗಿದಳು.

“ಏ, ಎಳೀಬ್ಯಾಡ, ಕಿತ್ತು ಹೋಗತೈತಿ!” ಗುರುಬಸವ್ವ ಮಗಳ ಕೈಮೇಲೆ ಮೆಲ್ಲಗೆ ಹೊಡೆದಳು. “ಹಿಂಗ, ನೋಡಿಲ್ಲೆ. ಒಂದೊಂದಽ ಹೊಲಗಿ ಬಿಚ್ಚು.”